ಎರಡು ಯಂತ್ರಗಳಲ್ಲಿ ಒಂದೇ ಚೆಂಡು

ಲಕ್ವ ಹೊಡೆದ ಮೇಲೆ ನನ್ನ ಬಲಗೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಡುಲುತ್ ಬಂದರಿನಲ್ಲಿ ಕ್ರೇನ್ ನಡೆಸುವವನಿಗೆ ಕೈಯೇ ಹೋದರೆ ಇನ್ನೇನು ಉಳಿಯಿತು, ಮಣ್ಣು? ಮಗಳು ಐಲಿ ಆಗಷ್ಟೇ ಗ್ರಂಥಾಲಯದ ತರಗತಿಯಲ್ಲಿ ಕಂಪ್ಯೂಟರ್ ಆಟ ಬರೆಯಲು ಕಲಿಯುತ್ತಿದ್ದಳು. ನನ್ನ ಕೈಗೆಂದೇ ಒಂದು ಆಟ ಮಾಡಿ, ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು. ಮೇಲಿಂದ ಬೀಳುವ ಚೆಂಡನ್ನು ಜಾಯ್‌ಸ್ಟಿಕ್ ಆಡಿಸಿ ಬುಟ್ಟಿಯಲ್ಲಿ ಹಿಡಿಯಬೇಕು. ಮೊದಮೊದಲು ಒಂದೂ ಸಿಗಲಿಲ್ಲ. ಬಾಯಿಗೆ ಬಂದಂತೆ ಬೈದೆ.

"ಬೈಕೊಂಡೇ ಆಡಪ್ಪ, ಚೆಂಡಿಗೇನು ಕಿವಿ ಇಲ್ಲ," ಎಂದಳು.

ಬರಬರುತ್ತಾ ಅವಳು ಆಟಕ್ಕೆ ಸರೋವರ, ಅಲೆ, ಹಕ್ಕಿ ಎಲ್ಲ ಸೇರಿಸಿದಳು. ನನ್ನ ಬುಟ್ಟಿಯೂ ತುಂಬತೊಡಗಿತು. ಕಡೆಗೆ ಚೆಂಡು ತಪ್ಪುವುದೇ ಅಪರೂಪವಾಯಿತು. ನನಗಾದ ಸಂತೋಷ ಹೇಳತೀರದು. ಹಿಮ ಕರಗಿ ಹಡಗುಗಳು ಬರುವ ಹೊತ್ತಿಗೆ ನಾನೂ ಬರುತ್ತೇನೆಂದು ಸೂಪರ್‌ವೈಸರ್ ಡ್ವೇನ್‌ಗೆ ಹೇಳಿಯೂಬಿಟ್ಟೆ.

ಆಮೇಲೆ ಅದೇ ಆಟವನ್ನು ನನ್ನ ಹೊಸ ಕಂಪ್ಯೂಟರಿಗೂ ಹಾಕಿದಳು. "ಒಂದ್ಸಲ ಬರೆದ್ರೆ ಸಾಕು, ಯಾವ ಯಂತ್ರದಲ್ಲಾದ್ರೂ ಓಡುತ್ತೆ," ಎಂದು ಹೆಮ್ಮೆಪಟ್ಟಳು. ಓಡಿತು. ಬುಟ್ಟಿ ಅಲುಗುವ ಮೊದಲೇ ಚೆಂಡು ನೆಲದಲ್ಲಿತ್ತು.

"ಏನೋ ಕೆಟ್ಟಿದೆ ನೋಡೇ."

ಬರೆದದ್ದನ್ನೆಲ್ಲ ಓದುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು. "ಯಂತ್ರ ಪರದೆ ಮೇಲೆ ಪ್ರತಿ ಸಲ ಚಿತ್ರ ಬಿಡಿಸಿದಾಗ್ಲೂ ಚೆಂಡು ಒಂದಿಷ್ಟು ಇಳೀಲಿ ಅಂತ ಬರೆದಿದ್ದೆ. ಗಡಿಯಾರ ನೋಡಿ ಇಳಿಸ್ಬೇಕಿತ್ತು. ಈ ಯಂತ್ರ ಬೇಗ ಬೇಗ ಬಿಡಿಸುತ್ತೆ, ಅದಕ್ಕೇ ಈ ಓಟ."

"ಸರಿ, ರಿಪೇರಿ ಮಾಡು."

ಅವಳು ಕದಲಲಿಲ್ಲ. "ನನ್ನ ಹಳೇ ಲ್ಯಾಪ್‌ಟಾಪ್ ಮೊದಲೇ ನಿಧಾನ ಅಪ್ಪ. ಅಲೆ, ಹಕ್ಕಿ ಹಾಕಿದ ಹಾಗೆಲ್ಲ ಇನ್ನೂ ನಿಧಾನ ಆಗಿದೆ. ಅದರ ಜೊತೆ ಚೆಂಡೂ..."

ಅರ್ಥವಾಯಿತು. ನನ್ನ ಕೈ ಚುರುಕಾಗಿರಲಿಲ್ಲ, ಚೆಂಡು ನಿಧಾನವಾಗಿತ್ತು.

"ಹೇಳದೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಿನ್ನ ಕ್ರೇನ್ ಕೆಳಗೆ ಜನ ನಿಂತಿರ್ತಾರಪ್ಪ."

ಕೀಲಿಮಣೆಯನ್ನು ಅವಳತ್ತ ತಳ್ಳಿದೆ.

ಅವಳು ಅಲ್ಲೇ ಕೂತು, ಚೆಂಡು ಗಡಿಯಾರಕ್ಕೆ ತಕ್ಕಂತೆ ಇಳಿಯುವ ಹಾಗೆ ತಿದ್ದಿದಳು. ಎರಡೂ ಯಂತ್ರಗಳನ್ನು ಪಕ್ಕಪಕ್ಕ ಇಟ್ಟಳು. ಮೊದಲ ದಿನದ ವೇಗದಲ್ಲಿ ಎರಡರಲ್ಲೂ ಚೆಂಡು ಒಟ್ಟಿಗೇ ಬಿತ್ತು. ಜಾಯ್‌ಸ್ಟಿಕ್ ಹಿಡಿದೆ. ಬುಟ್ಟಿ ತಡವಾಗಿ ಬಂತು. ಮತ್ತೆ ತಡವಾಗಿ ಬಂತು.

ಎಡಗೈಯಲ್ಲಿ ಫೋನ್ ತೆಗೆದುಕೊಂಡೆ. "ಡ್ವೇನ್, ನನ್ನ ಜಾಗಕ್ಕೆ ಬೇರೆಯವರನ್ನ ನೋಡ್ಕೊ. ಕೈ ಬಂದಿಲ್ಲ ಕಣೋ. ನಾನೇ ತಪ್ಪು ತಿಳಿದಿದ್ದೆ."

ಐಲಿ ಬಿಕ್ಕುತ್ತಿದ್ದಳು. ನನ್ನ ಕಣ್ಣೂ ಮಂಜಾಗಿತ್ತು.

"ಅಳೋದು ಆಮೇಲೆ," ಎಂದೆ. "ಚೆಂಡು ಬಿಡು."