ವಲ್ಲಿ ಕೆಳಗಿನ ಕೈ

ಮಥುರಾಬಾಯಿಗೆ, ಅಂದ್ರ ನನಗ, ಸಿಟ್ಟು ಜಾಸ್ತಿ ಅಂತ ಆಳಂದದಾಗ ಎಲ್ಲಾರೂ ಅಂತಾರ. ಹೌದ್ರಿ, ಜಾಸ್ತಿನ. ಆ ಸಿಟ್ಟು ಇಲ್ಲದಿದ್ರ ನಮ್ಮ ಸಾಲ್ಯಾಗಿನ ಹನ್ನೊಂದು ಹುಡುಗ್ಯಾರು ಇವತ್ತ ಮನ್ಯಾಗ ಕುಂತು ತೊಗರಿ ಹಸನ ಮಾಡ್ತಿದ್ರು.

ನಮ್ಮದು ಪೇಟೆಯವರು ನಡೆಸೋ ಖಾಸಗಿ ಕನ್ನಡ ಸಾಲಿ. ಕಮಿಟ್ಯಾಗ ಐದು ಮಂದಿ ತೊಗರಿ ವ್ಯಾಪಾರಿಗಳು, ಕಲಿಸೋರು ಮೂವರು: ಹೆಡ್ ಮಾಸ್ತರ ಗೋವಿಂದರಾಯರು, ಲೆಕ್ಕದ ಅಮೋಘಸಿದ್ದ ಮಾಸ್ತರು, ಹುಡುಗ್ಯಾರ ವರ್ಗಕ್ಕ ನಾನು. ಸಾಲಿ ಸುರು ಆದಾಗ ಬರೆದಿಟ್ಟ ಕಾಯ್ದೆ ಪ್ರಕಾರ ಎಂಟೂ ಮಂದಿಗೆ ಒಂದೊಂದು ಮತ. ಕಾಗದದ ಮ್ಯಾಲೆ ಭಾಳ ಛಂದ ಕಾಣ್ತಿತ್ತು.

ಮತ ಹಾಕೋ ರೀತಿ ಕೇಳ್ರಿ. ಪೇಟ್ಯಾಗ ತೊಗರಿ ದರ ಹೆಂಗ ಕುದುರಸ್ತಾರ? ಹೆಗಲ ಮ್ಯಾಲಿನ ವಲ್ಲಿ ಹೊಚ್ಚಿ, ಅದರ ಕೆಳಗ ಕೈ ಹಿಡಿದು ಬೆರಳು ಒತ್ತತಾರ. ಬಾಜೂಕ ನಿಂತವಗೂ ಗೊತ್ತಾಗಂಗಿಲ್ಲ. ಅಧ್ಯಕ್ಷ ದೇವಿಂದ್ರಪ್ಪ ಸಾವ್ಕಾರ ಅದನ್ನ ಮೀಟಿಂಗಿಗೂ ತಂದಿದ್ದ. ಒಂದು ಬೆರಳು ಒತ್ತಿದ್ರ ಹೂಂ, ಎರಡು ಒತ್ತಿದ್ರ ಊಹೂಂ. ಎಲ್ಲಾರ ಕೈ ಹಿಡಿದು ಮುಗಿದ ಮ್ಯಾಲೆ ಅವನ ಹೇಳಾವ, "ಪಾಸಾತು."

ನಂದು? ಹೆಣ್ಮಗಳು ಪರಗಂಡಸಿನ ಕೈ ಹೆಂಗ ಹಿಡೀಬೇಕು! "ಬಾಯಾರದು ನಮ್ಮ ಕಡೆನ ಹಿಡೀರಿ" ಅಂತ ನಕ್ಕು ಬಿಡ್ತಿದ್ದ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ನೆನಸಿಕೊಂಡ್ರೂ ನಾಚಿಕಿ ಬರ್ತದ.

ನಲವತ್ತೆಂಟರ ಬ್ಯಾಸಗ್ಯಾಗ ಗಡಿ ಗದ್ದಲದಿಂದ ಸೊಲ್ಲಾಪುರದ ರಸ್ತೆ ಬಂದ್ ಆತು. ತೊಗರಿ ಗುದಾಮಿನಾಗ ಉಳೀತು. ಮಾರಿದ ಚೀಲಕ್ಕೊಂದು ಬೊಗಸಿ ಸಾಲಿಗೆ ಬರ್ತಿತ್ತು, ಅದೂ ನಿಂತು ಹೋತು.

"ಹುಡುಗ್ಯಾರ ವರ್ಗ ಮುಚ್ಚೂಣು," ಅಂದ ದೇವಿಂದ್ರಪ್ಪ ಮೀಟಿಂಗಿನಾಗ. "ಅವರೇನು ತಹಶೀಲದಾರ ಆಗೋರದಾರೇನು?"

ನಾವು ಕಲಿಸೋರು ಮೂವರೂ ಹಾದಿ ಹುಡುಕಿಕೊಂಡ ಹೋಗಿದ್ವಿ. ಗೋವಿಂದರಾಯರು ಎದ್ದು ಓದಿದ್ರು: ಹುಡುಗ್ಯಾರ ಬಾಡಿಗಿ ಖೋಲಿ ಬಿಡೂದು, ಹುಡುಗರ ಖೋಲ್ಯಾಗನ ಮುಂಜಾನೆ ಅವರ ವರ್ಗ ನಡೆಸೂದು, ಇಬ್ಬರ ಪಗಾರ ನಾವು ಮೂವರು ಹಂಚಿಕೊಳ್ಳೂದು.

"ಓದಿದ್ದಾತಲ್ಲ, ಕುಂದರ್ರಿ. ವರ್ಗ ಮುಚ್ಚೂದಕ್ಕ ಮತ ಹಾಕ್ರಿ," ಅಂದು ಸಾವ್ಕಾರ ವಲ್ಲಿ ತೆಗೆದ. ಒಬ್ಬೊಬ್ಬರ ಕೈ ಹಿಡಿದ. ನನ್ನ ಮುಂದ ಬಂದು ನಕ್ಕ, ಮುಂದ ಹ್ವಾದ. "ಪಾಸಾತು. ವರ್ಗ ಬಂದ್."

ಹನ್ನೊಂದು ಮಕ್ಕಳ ಮಾರಿ ಕಣ್ಣ ಮುಂದ ಬಂದ್ವು. ತಲಿ ಕಾದು ಹೋತು ನೋಡ್ರಿ! ಎದ್ದವಳ ಅವನ ಕೈಯಾನ ವಲ್ಲಿ ಕಸಗೊಂಡೆ.

"ಬಾಯಾರ! ಇದೇನ್ರಿ ಇದು?"

"ಇನ್ನೊಮ್ಮೆ ಆಗಲಿ ಸಾವ್ಕಾರ್ರ. ಬಯಲಾಗ. ವರ್ಗ ಇರಬೇಕು ಅನ್ನೋರು ಕೈ ಮ್ಯಾಲೆತ್ರಿ."

ಮೊದಲ ನಾನ ಎತ್ತಿದೆ. ಗೋವಿಂದರಾಯರು ಎತ್ತಿದ್ರು, ಅಮೋಘಸಿದ್ದ ಮಾಸ್ತರು ಎತ್ತಿದ್ರು. ಮೂರು. ಕಮಿಟಿಯವರು ನೆಲ ನೋಡಾಕತ್ತಿದ್ರು. ಮುಗೀತು ಅಂದುಕೊಂಡೆ.

ಆವಾಗ ಮೂಲ್ಯಾಗ ಕುಂತಿದ್ದ ಚಂದ್ರಾಮ, ಕಮಿಟ್ಯಾಗ ಎಲ್ಲಾರಕಿಂತ ಸಣ್ಣ ವ್ಯಾಪಾರಿ, ಕೈ ಎತ್ತಿದ. "ನಾ ಈಗೂ ಎರಡು ಬೆರಳ ಒತ್ತಿದ್ದೆ ಸಾವ್ಕಾರ್ರ."

ಅವನ ಬಾಜೂದಾವ ಗಕ್ಕನ ತಿರುಗಿದ. "ಲೇ, ನೀನೂ? ನಾ ಒಬ್ಬನ ಅಂತ ತಿಳಿದಿದ್ದೆನಲ್ಲೋ!"

"ಹೋದ ವರ್ಷ ವಾಚನಾಲಯ ಮುಚ್ಚಿದಾಗೂ ನಾ ಎರಡ ಒತ್ತಿದ್ದೆ," ಅಂದ ಮತ್ತೊಬ್ಬ.

"ನಾನೂ ಎರಡ!"

ಒಬ್ಬರ ಮಾರಿ ಒಬ್ಬರು ನೋಡಿದ್ರು. ಎರಡು ವರ್ಷದಿಂದ ಎಲ್ಲಾರೂ ಊಹೂಂ ಅನ್ನಾಕತ್ತಿದ್ರು, ಪ್ರತಿಯೊಬ್ಬನೂ ತಾನೊಬ್ಬನ ಅಂದುಕೊಂಡು ಸುಮ್ಮಿದ್ದ. ಏಳು ಕೈ ಮ್ಯಾಲಿದ್ವು. ದೇವಿಂದ್ರಪ್ಪ ವಲ್ಲಿ ಬಿಟ್ಟು ಎದ್ದು ಹ್ವಾದ. ಅಮೋಘಸಿದ್ದ ಮಾಸ್ತರು ಸಣ್ಣ ಹುಡುಗರಂಗ ಚಪ್ಪಾಳಿ ಹೊಡೆದ್ರು. ನಾನು ಅತ್ತುಬಿಟ್ಟೆ, ಸುಳ್ಳ್ಯಾಕ ಹೇಳ್ಲಿ.

ಮರುದಿನ ಮುಂಜಾನೆ ಹುಡುಗರ ಖೋಲ್ಯಾಗ ನನ್ನ ವರ್ಗ ಸುರು ಆತು. ಬೋರ್ಡ್ ಒರಸಾಕ ಅರಿವಿ ಸಿಗಲಿಲ್ಲ, ಚೀಲದಾಗ ಸಾವ್ಕಾರನ ವಲ್ಲಿ ಇತ್ತು, ಅದರಲೇ ಒರಸಿದೆ. ಅಷ್ಟರಾಗ ಸಾವ್ಕಾರ ಬಾಗಲದಾಗ ಬಂದು ನಿಂತ.

"ನನ್ನ ವಲ್ಲಿ ಕೊಡ್ರಿ ಬಾಯಾರ."

"ಅದಕ್ಕೇನ್ರಿ, ಮತಕ್ಕ ಹಾಕೂಣು," ಅಂದು ಮಕ್ಕಳ ಕಡೆ ತಿರುಗಿದೆ. "ಕೊಡಬೇಕು ಅನ್ನೋರು ಕೈ ಎತ್ರವಾ."

ಹನ್ನೊಂದೂ ಹುಡುಗ್ಯಾರು ಕೈ ಕಟ್ಟಿಕೊಂಡು ಕುಂತ್ರು.