ಕಡ್ಡಿಯ ತೂಕ

ಗುಜರಿ ಅಂಗಡಿಯ ಯಜಮಾನನಿಗೆ ಎರಡು ವಿಷಯದಲ್ಲಿ ಎಲ್ಲಿಲ್ಲದ ಹೆಮ್ಮೆ. ಒಂದು, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ತೂಕದ ಯಂತ್ರ. ಅದಕ್ಕೆ ಗೋಡೆ ಗಡಿಯಾರಕ್ಕಿಂತ ದೊಡ್ಡ ಮುಖ, ಕೆಂಪು ಮುಳ್ಳು, ಕೆಳಗೆ ನಾಲ್ಕು ಜನ ಒಟ್ಟಿಗೆ ನಿಲ್ಲಬಹುದಾದ ಬೀಡುಕಬ್ಬಿಣದ ಹಲಗೆ. ಇನ್ನೊಂದು, ಮದುವೆಯಾದ ದಿನದಿಂದ ಇವತ್ತಿನವರೆಗೂ ತನ್ನ ತೂಕ ಎಪ್ಪತ್ತೇ ಕೆಜಿ, ಒಂದು ಗ್ರಾಂ ಆಚೀಚೆ ಇಲ್ಲ ಅನ್ನೋದು.

"ಹೌದು ಹೌದು, ನೀವು ಹಾಗೇ ಇದ್ದೀರಿ. ಪಾಪ, ನಿಮ್ಮ ಪ್ಯಾಂಟುಗಳೇ ವರ್ಷವರ್ಷ ಚಿಕ್ಕದಾಗ್ತಿವೆ," ಅಂತಿದ್ದಳು ಹೆಂಡತಿ. ಎಲುಬಿಲ್ಲದ ನಾಲಿಗೆ ಅವಳದು.

ಆ ನಾಲಿಗೆಯೇ ಒಬ್ಬಳೇ ಮಗಳಿಗೆ ಹಂಚಿಕಡ್ಡಿ ಅಂತ ಹೆಸರಿಟ್ಟಿತ್ತು. ಬೀದಿಯವರು ಹಂಚಿ ಬಿಟ್ಟು ಕಡ್ಡಿ ಉಳಿಸಿಕೊಂಡರು. ಗಾಳಿ ಬೀಸಿದರೆ ಕಡ್ಡಿಯನ್ನ ಯಾರಾದರೂ ಹಿಡ್ಕೊಳ್ಳಿ ಅಂತ ತಮಾಷೆ ಬೇರೆ. ಅಂಥ ಕಡ್ಡಿ ಸೈನ್ಯ ಸೇರ್ತೀನಿ ಅಂದಾಗ ನಕ್ಕವರೇ ಎಲ್ಲ. ಓಟದಲ್ಲಿ ಮೊದಲು ಬಂದಳು, ಬರೆಯೋ ಪರೀಕ್ಷೆಯಲ್ಲೂ ಪಾಸು. ಕೊನೆಗೆ ವೈದ್ಯರು ತೂಕ ನೋಡಿ ತಲೆ ಅಲ್ಲಾಡಿಸಿದರು. "ನಿನ್ನ ಎತ್ತರಕ್ಕೆ ಐವತ್ತು ಕೆಜಿ ಬೇಕಮ್ಮ. ಮಾಡ್ಕೊಂಡು ಮುಂದಿನ ಸಲ ಬಾ." ಆ ಮುಂದಿನ ಸಲಕ್ಕೆ ಎಂಟು ತಿಂಗಳಿತ್ತು. ಅದಾದ ಮೇಲೆ ವಯಸ್ಸು ದಾಟಿಹೋಗುತ್ತೆ, ಮತ್ತೆ ಆ ಬಾಗಿಲು ತೆರೆಯೋದಿಲ್ಲ.

ಪಕ್ಕದ ಬೀದಿಯಲ್ಲಿ ಒಬ್ಬ ನಿವೃತ್ತ ಸೈನಿಕ ಇದ್ದ. ಹಾಲು ತರೋಕೆ ಹೋಗುವಾಗಲೂ ಕವಾಯತು ಮಾಡ್ತಾ ಹೋಗೋನು, ಅದಕ್ಕೇ ಅವನು ಎಲ್ಲರ ಬಾಯಲ್ಲಿ ಲೆಫ್ಟ್-ರೈಟ್ ತಾತ. ಕಡ್ಡಿ ಅವನನ್ನ ಕೇಳೋಕೆ ಹೋದಳು.

"ಭರ್ತಿ ಮೈದಾನದ ಗೇಟಿನ ಹತ್ರ ನಿಂತು ಡಜನ್ ಬಾಳೆಹಣ್ಣು ತಿಂದು, ಕೊಡಗಟ್ಟಲೆ ನೀರು ಕುಡಿದು ತೂಕ ಏರಿಸ್ಕೊಳ್ಳೋ ಪೆದ್ದರನ್ನ ನೋಡಿದೀನಿ," ಅಂದ ತಾತ. "ತರಬೇತಿಗೆ ಹೋದ ಮೂರನೇ ದಿನ ಮಲಗಿಬಿಡ್ತಾರೆ. ಕೊಬ್ಬು ಹೊರೆ ಕಣಮ್ಮ, ಅದನ್ನ ನೀನು ಹೊರಬೇಕು. ಮಾಂಸಖಂಡ ಬೆಳೆಸ್ಕೋ, ಅದು ನಿನ್ನನ್ನ ಹೊರುತ್ತೆ. ಭಾರ ಎತ್ತು, ಹೊಟ್ಟೆ ತುಂಬ ತಿನ್ನು, ನಿದ್ದೆ ಮಾಡು. ನಾಲ್ಕನೇದು ಇಲ್ಲ."

ಭಾರಕ್ಕೇನು ಬರ, ಗುಜರಿ ಅಂಗಡಿಯಲ್ಲಿ! ಟೆಂಪೋದ ಉದ್ದನೆಯ ಆಕ್ಸೆಲ್ ರಾಡಿನ ಎರಡು ತುದಿಗೂ ಹಲ್ಲು ಸವೆದ ಚಕ್ರ ಸಿಕ್ಕಿಸಿದಳು. ತಿಂಗಳಿಗೊಂದು ಜೋಡಿ ಚಕ್ರ ಜಾಸ್ತಿಯಾಯಿತು. ಲಾರಿ ಟೈರನ್ನ ಅಂಗಳದ ಈ ತುದಿಯಿಂದ ಆ ತುದಿಗೆ ಮಗುಚಿಕೊಂಡು ಹೋಗೋದು, ವಾಪಸ್ ಮಗುಚಿಕೊಂಡು ಬರೋದು. ಅಮ್ಮ ಬೈಕೊಂಡೇ ಮೊಟ್ಟೆ ಬೇಯಿಸಿದಳು, ಕಾಳು ನೆನೆಸಿದಳು, ಕಡಲೆಕಾಯಿ ಹುರಿದಳು. "ಇದು ಹೊಟ್ಟೆನೋ ಕಾಳು ತುಂಬೋ ಹಗೇವೋ!" ಅಂತ ಇನ್ನೊಂದು ಲೋಟ ಹಾಲು ಬಗ್ಗಿಸೋಳು.

ಪ್ರತಿ ಭಾನುವಾರ ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ಕಡ್ಡಿ ಅಪ್ಪನ ಯಂತ್ರದ ಮೇಲೆ ಹತ್ತೋಳು. ಮೊದಲ ವಾರ ಮುಳ್ಳು ನಲವತ್ತಕ್ಕೆ ನಿಂತಿತ್ತು. ಆಮೇಲೆ ನಲವತ್ತೊಂದು, ನಲವತ್ತೆರಡೂವರೆ. ಅಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದೋನು.

ಈಗ ಒಂದು ಗುಟ್ಟು ಹೇಳಲೇಬೇಕು. ಆ ಹಲಗೆಯ ಅಡಿಯಲ್ಲಿ, ಒಂದು ಮೂಲೆಗೆ, ಅಂಗೈಯಗಲದ ಟೈರ್ ಚೂರೊಂದಿತ್ತು. ಮೇಲೆ ಭಾರ ಬಿದ್ದಾಗ ಅದರಲ್ಲಿ ಚೂರುಪಾರು ಆ ರಬ್ಬರು ಹೊತ್ತುಕೊಳ್ಳೋದು, ಮುಳ್ಳಿಗೆ ತಲುಪ್ತಾ ಇರಲಿಲ್ಲ. ಇಪ್ಪತ್ತು ಕೆಜಿ ತಂದವನಿಗೆ ಹತ್ತೊಂಬತ್ತು ಕಾಣಿಸೋದು. ಹೊಸದಾಗಿ ಅಂಗಡಿ ಇಟ್ಟಾಗ ಇಬ್ಬರು ಆಳುಗಳ ಕೈಲಿ ಹಾರೆ ಹಾಕಿಸಿ ಹಲಗೆ ಎತ್ತಿಸಿ ಯಜಮಾನನೇ ಅದನ್ನ ತುರುಕಿದ್ದ. ಆಳುಗಳು ಬಿಟ್ಟುಹೋದರು, ರಬ್ಬರು ಉಳೀತು. ಹೆಂಡತಿಗೂ ಗೊತ್ತಿಲ್ಲ.

ಮಗಳು ಮೊದಲ ಸಲ ಹತ್ತಿದಾಗಲೇ ಅವನಿಗೆ ನೆನಪಾಗಿತ್ತು. ಆದರೆ ಹೇಗೆ ಹೇಳೋದು? ಬಾಯಲ್ಲಿ ಬಿಸಿ ತುಪ್ಪ, ನುಂಗೋಕೂ ಆಗಲ್ಲ ಉಗುಳೋಕೂ ಆಗಲ್ಲ. ಹೋಗಲಿ, ಎರಡು ಕೆಜಿ ಜಾಸ್ತೀನೇ ಬೆಳೆಸಿಕೊಳ್ತಾಳೆ, ಒಳ್ಳೇದೇ ಆಯ್ತಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನುಷ್ಯ ಬೇರೆಯವರಿಗೆ ಮೋಸ ಮಾಡೋದು ಕಷ್ಟ ಇರಬಹುದು, ತನಗೇ ಮಾಡಿಕೊಳ್ಳೋದು ಬಲು ಸುಲಭ.

ಆರನೇ ತಿಂಗಳಲ್ಲಿ ಕಡ್ಡಿ ನಗ್ತಾ ಬಂದಳು. "ಅಪ್ಪ, ಔಷಧಿ ಅಂಗಡಿ ಮಿಷನ್ ಮೇಲೆ ಸುಮ್ನೆ ಹತ್ತಿದೆ. ನಮ್ಮದ್ರಲ್ಲಿ ನಲವತ್ತಾರು, ಅದ್ರಲ್ಲಿ ನಲವತ್ತೆಂಟೂವರೆ ಅಂತೆ! ಆಟದ ಸಾಮಾನು. ನಮ್ಮಪ್ಪನ ಮಿಷನ್ ಇರುವಾಗ ಅದನ್ನ ಯಾರು ನಂಬ್ತಾರೆ?"

"ಅದೇ ಮತ್ತೆ," ಅಂದ ಅಪ್ಪ.

ಅದೇ ವಾರ ಒಂದು ಟೆಂಪೋದ ಗೇರ್ ಬಾಕ್ಸ್ ಬಂತು. ಇಳಿಸೋಕೆ ಇಬ್ಬರು ಹಮಾಲರು ಮುಕ್ಕಿರಿದರು. ಮಧ್ಯಾಹ್ನ ಅಪ್ಪ ಊಟ ಮುಗಿಸಿ ಬಂದು ನೋಡ್ತಾನೆ, ಬಾಗಿಲಿಗೆ ಅಡ್ಡವಾಗಿದ್ದ ಆ ಗೇರ್ ಬಾಕ್ಸ್ ಅಂಗಳದ ಮೂಲೆಯಲ್ಲಿದೆ. ಕಡ್ಡಿ ಅದನ್ನ ಎದೆಗವಚಿಕೊಂಡು ಹೋಗಿ ಇಟ್ಟು ಬಂದು ಕೈ ಒರೆಸಿಕೊಳ್ತಿದ್ದಾಳೆ. ಅವಳ ಬೆನ್ನು ಅವನಿಗೆ ಕಾಣಿಸಿತು. ಬೆವರಿಗೆ ಅಂಟಿದ ಅಂಗಿಯಡಿ ಆ ಬೆನ್ನಿಗೆ ಎರಡು ಕಡೆಯೂ ತುಂಬಿಕೊಂಡ ದಪ್ಪ ಹುರಿ, ನಡುವೆ ಒಂದು ಕಾಲುವೆ. ಇದು ಯಾವಾಗ ಬಂತು? ಎಲ್ಲಿಂದ ಬಂತು? ಮೂವತ್ತು ವರ್ಷ ಅವನು ಮಾಡಿದ್ದೆಲ್ಲ ಕಳಚೋ ಕೆಲಸ, ಒಡೆಯೋ ಕೆಲಸ. ಏನಾದರೂ ಹೊಸದಾಗಿ ಕಟ್ಟಿಕೊಳ್ಳೋದನ್ನ ಆ ಅಂಗಳದಲ್ಲಿ ಕಂಡವನೇ ಅಲ್ಲ. ಅನ್ನ, ಕಾಳು, ಮೊಟ್ಟೆ ತಿಂದ ಒಂದು ಜೀವ ದಿನಾ ಒಂದಿಷ್ಟೊಂದಿಷ್ಟು ತನ್ನನ್ನೇ ಕಟ್ಟಿಕೊಂಡಿತ್ತು. ಅಬ್ಬಾ, ಇವಳು ನನ್ನ ಮಗಳಾ ಅನ್ನಿಸಿತು.

ಕೊನೆಯ ಭಾನುವಾರ ಬಂತು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು, ಮಾರನೇ ದಿನ ತಪಾಸಣೆ. ಕಡ್ಡಿ ಹತ್ತಿದಳು. ಮುಳ್ಳು ಅಲ್ಲಾಡಿ ಅಲ್ಲಾಡಿ ನಲವತ್ತೆಂಟಕ್ಕೆ ನಿಂತಿತು. ಇಳಿದು ಮತ್ತೆ ಹತ್ತಿದಳು. ನಲವತ್ತೆಂಟೇ.

ಅವಳು ಹಲಗೆಯ ಅಂಚಿನಲ್ಲೇ ಕೂತುಬಿಟ್ಟಳು. "ಅಪ್ಪ, ನಾನು ಹೋಗಲ್ಲ. ಹೋದ ಸಲ ಎಲ್ಲರ ಎದುರು ಆ ಮಿಷನ್ನಿಂದ ಇಳಿಸಿ ಕಳಿಸಿದ್ರು. ಇನ್ನೊಂದು ಸಲ ಇಳಿಸ್ಕೊಳ್ಳೋ ಶಕ್ತಿ ನನಗಿಲ್ಲ. ನನ್ನ ಕೈಲಿ ಆಗೋದನ್ನೆಲ್ಲ ಮಾಡಿದೆ. ಆಗ್ಲಿಲ್ಲ." ಅಳಲಿಲ್ಲ ಅವಳು. ಅತ್ತಿದ್ದರೆ ಅವನು ಹೇಗೋ ತಡ್ಕೊಳ್ತಿದ್ದ. ಅವಳು ಶೂ ಲೇಸು ಬಿಚ್ಚೋಕೆ ಶುರುಮಾಡಿದಳು.

"ಲೇಸು ಕಟ್ಟು," ಅಂದ ಅಪ್ಪ. "ನೀನು ಐವತ್ತಿದೀಯ."

"ಸಮಾಧಾನ ಮಾಡ್ಬೇಡಪ್ಪ."

"ಸಮಾಧಾನ ಅಲ್ಲ ಪುಟ್ಟಿ. ಈ ಮಿಷನ್ ಸುಳ್ಳು. ಕೆಳಗೆ ರಬ್ಬರ್ ಇದೆ. ನಾನೇ ಇಟ್ಟಿದ್ದು." ನೆಲ ನೋಡ್ಕೊಂಡೇ ಎಲ್ಲ ಹೇಳಿದ.

ಕಡ್ಡಿ ಲೇಸು ಬಿಟ್ಟು ತಲೆ ಎತ್ತಿದಳು. "ಯಾವಾಗಿಂದ?"

"ನೀನು ಹುಟ್ಟೋಕೆ ಮುಂಚಿಂದ."

"ಹಳೇ ಪೇಪರ್ ತರೋ ಅಜ್ಜಿಗೂ?"

"ಹೂಂ."

"ಲೆಫ್ಟ್-ರೈಟ್ ತಾತನಿಗೂ?"

"ಹೂಂ."

"ಎಂಟು ತಿಂಗಳು ನಾನು ಇದ್ರ ಮೇಲೆ ಹತ್ತೋದನ್ನ ನೋಡ್ತಾ ನಿಂತಿದ್ಯಲ್ಲಪ್ಪ."

ಅವಳು ಎದ್ದಳು. "ತೆಗಿ ಅದನ್ನ."

"ಹಾಗೆಲ್ಲ ಆಗಲ್ಲ ಕಣೇ, ಹಲಗೆ ಎತ್ತೋಕೆ ಇಬ್ಬರು ಗಂಡಾಳು, ಎರಡು ಹಾರೆ…"

"ತೆಗಿ ಅಂದೆ."

ಲೇಸು ಬಿಗಿದುಕೊಂಡಳು. ಕಾಲಗಲಿಸಿ ನಿಂತು, ಕುಕ್ಕರುಗಾಲಲ್ಲಿ ಇಳಿದು, ಹಲಗೆಯ ಅಂಚಿಗೆ ಬೆರಳು ತೂರಿಸಿದಳು. ಉಸಿರು ಎಳೆದುಕೊಂಡಳು. ಬೆನ್ನು ಬಗ್ಗಲಿಲ್ಲ, ತೊಡೆಗಳೇ ಎದ್ದವು. ಮೂವತ್ತು ವರ್ಷದ ತುಕ್ಕು ಕಿರ್ರೋ ಅಂತ ಕೂಗಿ ಬಿಟ್ಟುಕೊಟ್ಟಿತು. ಹಲಗೆಯ ಆ ಬದಿ ಮೊಳಕಾಲಿಗೆ ಬಂತು, ಸೊಂಟಕ್ಕೆ ಬಂತು, ಅಲ್ಲೇ ನಿಂತಿತು.

ಅಪ್ಪ ಹೊಟ್ಟೆ ಮೇಲೆ ಮಲಗಿ ಒಳಗೆ ತೆವಳಿದ. ರಬ್ಬರು ತುಕ್ಕಿನ ಜೊತೆ ಸೇರಿ ಕಲ್ಲಾಗಿತ್ತು. ಉಳಿಯಲ್ಲಿ ಮೀಟಿದ, ಬರಲಿಲ್ಲ. ಬೆರಳಲ್ಲಿ ಕೆರೆದ. ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಬೀಡುಕಬ್ಬಿಣ. ಕೈ ಸಡಿಲಿದರೆ ಅವನ ಕಥೆ ಅಲ್ಲಿಗೆ ಮುಗೀತು. ಕತ್ತು ತಿರುಗಿಸಿ ಮೇಲೆ ನೋಡಿದ. ಮಗಳ ಮುಂಗೈಯಲ್ಲಿ ನರಗಳು ಎದ್ದು ನಿಂತಿದ್ದವು, ಕತ್ತು ಕೆಂಪಾಗಿತ್ತು. ಆದರೆ ಹಲಗೆ ಒಂದು ಕೂದಲೆಳೆಯಷ್ಟೂ ಅಲ್ಲಾಡ್ತಿರಲಿಲ್ಲ. ಕೋಪ ಇತ್ತು ಆ ಮುಖದಲ್ಲಿ, ಬೇಕಾದಷ್ಟಿತ್ತು.

"ಅವಸರ ಮಾಡ್ಬೇಡ ಅಪ್ಪ," ಅಂದಳು ಹಲ್ಲು ಕಚ್ಚಿಕೊಂಡೇ. "ಕೈಗೆ ಪೆಟ್ಟು ಮಾಡ್ಕೋಬೇಡ. ನಾನು ಹಿಡ್ಕೊಂಡಿದೀನಿ."

ಅವನು ಆ ಕತ್ತಲಲ್ಲಿ, ತುಕ್ಕಿನ ಪುಡಿಯಲ್ಲಿ ಮೂಗೊತ್ತಿಕೊಂಡು ಅತ್ತ. ನಾಚಿಕೆಗೂ ಅತ್ತ. ಆದರೆ ಹೆಚ್ಚಾಗಿ ಆ ಕೈಗಳನ್ನ ಕಂಡು ಅತ್ತ. ರಬ್ಬರು ಕೊನೆಗೂ ಕಿತ್ತು ಬಂತು.

ಹಲಗೆಯನ್ನ ಸದ್ದಿಲ್ಲದೆ ಇಳಿಸಿ ಅವಳು ಮೇಲೆ ಹತ್ತಿದಳು. ಮುಳ್ಳು ನಲವತ್ತೆಂಟು ದಾಟಿತು, ಐವತ್ತು ದಾಟಿತು, ಐವತ್ತೂವರೆಗೆ ನಿಂತಿತು. ಯಾರೂ ಗಟ್ಟಿಯಾಗಿ ಓದಲಿಲ್ಲ. ಅವಳ ಕಣ್ಣು ತುಂಬಿದ್ದು ಆಗ.

"ಈಗ ನೀನು ಹತ್ತು," ಅಂದಳು.

"ನಂದ್ಯಾಕೆ?"

"ಹತ್ತು."

ಹತ್ತಿದ. ಎಪ್ಪತ್ಮೂರೂಮುಕ್ಕಾಲು. ಮೊಟ್ಟೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಹೆಂಡತಿ ಮುಳ್ಳು ನೋಡಿದಳು, ಗಂಡನ ಕೈಲಿದ್ದ ರಬ್ಬರು ನೋಡಿದಳು, ಇಬ್ಬರ ಮುಖವನ್ನೂ ನೋಡಿದಳು. "ಪ್ಯಾಂಟು ಸುಳ್ಳು ಹೇಳಲ್ಲ," ಅಂತ ಮೆಲ್ಲಗೆ ಅಂದು ತಟ್ಟೆ ಇಟ್ಟು ಹೋದಳು.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅಪ್ಪನೇ ಚೀಲ ಎತ್ತೋಕೆ ಹೋದ. ಕಡ್ಡಿ ಬಿಡಲಿಲ್ಲ. ಕೈ ಚಾಚಿ, "ಆ ರಬ್ಬರ್ ಕೊಡು," ಅಂದಳು.

"ಅದ್ಯಾಕೆ ನಿನಗೆ?"

"ನನ್ನ ಹತ್ರ ಇರ್ಲಿ." ಚೀಲದ ಪಕ್ಕದ ಜೇಬಿಗೆ ಹಾಕಿ ಜಿಪ್ ಎಳೆದಳು. "ಟೈರ್ ಚೂರಿಗೇನು, ನಮ್ಮ ಅಂಗಡಿಯಲ್ಲಿ ರಾಶಿ ಬಿದ್ದಿದೆ. ಆದ್ರೆ ಹಲಗೆ ಎತ್ತೋಕೆ ನಾನಿರಲ್ಲ, ನೆನಪಿಟ್ಕೋ."

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಬಸ್ಸು ಹೊರಟಾಗ ಕೈ ಬೀಸೋಕೆ ಅಂತ ಅವನು ಕೈ ಎತ್ತಿದ. ಅವನಿಗೇ ಗೊತ್ತಿಲ್ಲದೆ ಅದು ಹಣೆಗೆ ಹೋಗಿ ಸೆಲ್ಯೂಟ್ ಆಗಿ ನಿಂತಿತು. ಕಿಟಕಿಯೊಳಗಿಂದ ಕಡ್ಡಿ ಅದನ್ನ ನೋಡಿದಳು. ನಗಲಿಲ್ಲ, ಬೆನ್ನು ನೆಟ್ಟಗೆ ಮಾಡಿ ತಾನೂ ಕೈ ಎತ್ತಿದಳು.