ರಾಗಿ ಎಂದು ಬರೆದಿದ್ದ ಶೀಷೆ

ಮೂರ್ನಾಡಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರು, ಜವಳಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬೆಳ್ಯಪ್ಪನವರ ‘ಸರ್ವಾಂಗ ಆರೋಗ್ಯ ನಿಲಯ’ ಇತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರು ವರ್ಷವಾಗಿದ್ದ ಕಾಲ. ಬೊಂಬಾಯಿಯಲ್ಲಿ ಬಹಳ ವರ್ಷ ಇದ್ದು ಬಂದಿದ್ದ ಬೆಳ್ಯಪ್ಪ ಔಷಧಿ ಕೊಡುತ್ತಿರಲಿಲ್ಲ, ಸೂಜಿ ಚುಚ್ಚುತ್ತಿರಲಿಲ್ಲ. ಮನುಷ್ಯನ ಕಾಯಿಲೆಯೆಲ್ಲ ಅವನ ಮೈಗೆ ಒಗ್ಗದ ಊಟದಿಂದಲೇ ಬರುತ್ತದೆ, ಅದು ಯಾವುದೆಂದು ಕಂಡುಹಿಡಿದು ಬಿಡಿಸಿದರೆ ಸಾಕು ಎನ್ನುತ್ತಿದ್ದರು.

ಕಮಲ ಅಲ್ಲಿ ಬರೆಯುವ ಕೆಲಸಕ್ಕಿದ್ದಳು. ಮೂವತ್ತನಾಲ್ಕರ ವಿಧವೆ, ಎಂಟನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಮುತ್ತಿನ ಹಾಗೆ. ತಾಯಿಯ ಜೊತೆ ಒಂದು ಮೈಲಿ ದೂರದಲ್ಲಿ ವಾಸ. ಮೊದಲು ಅವಳೂ ತಲೆನೋವೆಂದು ರೋಗಿಯಾಗಿಯೇ ಆ ಮೆಟ್ಟಿಲು ಹತ್ತಿದ್ದಳು. ಕಾಫಿ ಬಿಡು ಎಂದಿದ್ದರು ಬೆಳ್ಯಪ್ಪ. ಬಿಟ್ಟಳು, ಹದಿನೈದು ದಿನದಲ್ಲಿ ತಲೆನೋವು ಹೋಯಿತು. ಹಾಗಾಗಿ ಅವಳ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಪರೀಕ್ಷೆ ನಡೆಯುತ್ತಿದ್ದದ್ದು ಹೀಗೆ. ರೋಗಿ ಬಂದು ಕುಳಿತ ಕೂಡಲೇ ಬೆಳ್ಯಪ್ಪ ಅವನ ಉಗುರು ನೋಡುವರು, ಕಣ್ಣಿನ ಕೆಳರೆಪ್ಪೆ ಹೆಬ್ಬೆರಳಿನಿಂದ ಎಳೆದು ನೋಡುವರು, ಚಮಚದಿಂದ ನಾಲಿಗೆ ಒತ್ತಿ ನೋಡುವರು. ದೇಹದಲ್ಲಿ ಯಾವ ಸತ್ವ ಕಡಿಮೆಯಾಗಿದೆ ಎಂದು ಅದರಿಂದ ಹೇಳುವರು. ಆಮೇಲೆ ಮರದ ಪೆಟ್ಟಿಗೆ ತೆರೆಯುವರು. ಅದರಲ್ಲಿ ಅರವತ್ತು ಸಣ್ಣ ಗಾಜಿನ ಶೀಷೆಗಳು. ಒಂದೊಂದರಲ್ಲಿ ಒಂದೊಂದು ತಿನ್ನುವ ವಸ್ತು, ಬಿರಡೆಗೆ ಮೇಣ, ಹೊಟ್ಟೆಗೆ ಹೆಸರಿನ ಚೀಟಿ. ರೋಗಿ ಶೀಷೆಯನ್ನು ಎಡಗೈಯಲ್ಲಿ ಹಿಡಿದುಕೊಂಡರೆ, ಅವನ ಬಲ ಅಂಗೈಯ ಮೇಲೆ ಬೆಳ್ಯಪ್ಪ ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡನ್ನು ಇಳಿಬಿಡುವರು. ಗುಂಡು ಬಲಕ್ಕೆ ಸುತ್ತಿದರೆ ಆ ಪದಾರ್ಥ ಹಿತ, ಎಡಕ್ಕೆ ಸುತ್ತಿದರೆ ಅಹಿತ. ಕಮಲ ಕಾರ್ಬನ್ ಇಟ್ಟು, ರೋಗಿಯ ಹೆಸರು ವಿಳಾಸದ ಕೆಳಗೆ ಪಟ್ಟಿ ಬರೆಯುವಳು. ಒಂದು ರೋಗಿಗೆ, ಒಂದು ನಿಲಯಕ್ಕೆ.

ಅವಳಿಗೆ ಮೊದಲು ಹೇಸಿಗೆಯಾದದ್ದು ಚಮಚದಿಂದ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಚಮಚ. ಒಬ್ಬರ ಬಾಯಿಂದ ತೆಗೆದು, ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿ, ಇನ್ನೊಬ್ಬರ ಬಾಯಿಗೆ. ಮಧ್ಯಾಹ್ನದ ಹೊತ್ತಿಗೆ ಆ ಟವೆಲು ಅಂಟಂಟಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಒಂದು ದಿನ ಅವಳು ಚಮಚವನ್ನು ಕುದಿಯುವ ನೀರಿಗೆ ಹಾಕಿದ್ದನ್ನು ನೋಡಿ ಅವರು ಬೇಸರಪಟ್ಟುಕೊಂಡರು.

“ಬಿಸಿನೀರಿಗೆ ಹಾಕಿದ್ರೆ ಅದರ ಗುಣ ಹೋಗ್ತದೆ ಕಮಲ. ಇನ್ನು ಮುಂದೆ ಹಾಗೆ ಮಾಡ್ಬೇಡ.”

ಕೆಲಸ ಬೇಕಿತ್ತು. ಅವಳು ಚಮಚದ ಕಡೆ ನೋಡುವುದನ್ನು ಬಿಟ್ಟಳು.

ಆ ವರ್ಷ ಆಟಿ ತಿಂಗಳ ಜಡಿಮಳೆಗೆ ಕೋಣೆಯ ಗೋಡೆಗಳೆಲ್ಲ ಬೂಸ್ಟು ಹಿಡಿದವು. ಒಂದು ಸೋಮವಾರ ಪೆಟ್ಟಿಗೆ ತೆರೆದಾಗ ಶೀಷೆಗಳ ಚೀಟಿಗಳು ಅರ್ಧಕ್ಕರ್ಧ ಕಳಚಿ ತಳದಲ್ಲಿ ಬಿದ್ದಿದ್ದವು. ಅಕ್ಕಿ, ಸಕ್ಕರೆ, ಅರಿಶಿನ ಗುರುತು ಸಿಕ್ಕಿದವು. ಉಳಿದವುಗಳ ಒಳಗೆ ಏನಿದೆಯೆಂದು ಗೊತ್ತಾಗುವಂತಿರಲಿಲ್ಲ. ಹಾಲು, ಮೊಟ್ಟೆ, ಮೀನು, ಕಾಳು, ಸೊಪ್ಪು ಎಲ್ಲ ಒಂದೇ ಕಪ್ಪು ರಾಡಿಯಾಗಿ ಗಾಜಿಗೆ ಅಂಟಿಕೊಂಡಿದ್ದವು. ಕೆಲವದರಲ್ಲಿ ಬಿಳಿ ಹುಳುಗಳು ಸತ್ತು ಒಣಗಿದ್ದವು.

“ಯಾವುದು ಯಾವುದೂಂತ ತಿಳಿಯೂದಿಲ್ಲ ಡಾಕ್ಟ್ರೇ. ಎಲ್ಲ ಚೆಲ್ಲಿ ಹೊಸದು ತುಂಬ್ಸುವ.”

“ಬೇಡ ಬೇಡ, ಮೇಣ ಒಡೀಬಾರದು. ನಿನ್ಗೆ ಅಂದಾಜಾದ ಹಾಗೆ ಅಂಟ್ಸು. ಗುಂಡಿಗೆ ಎಲ್ಲ ಗೊತ್ತಾಗ್ತದೆ.”

ಅವಳು ಮೈದಾ ಅಂಟು ಕಾಯಿಸಿ ಉಳಿದ ಚೀಟಿಗಳನ್ನೆಲ್ಲ ಅಂದಾಜಿನ ಮೇಲೆ ಅಂಟಿಸಿದಳು. ಮನಸ್ಸಿಗೆ ಸರಿಬರಲಿಲ್ಲ. ಆದರೂ ಮಾರನೆಯ ದಿನದಿಂದ ಪಟ್ಟಿ ಬರೆಯುತ್ತಲೇ ಹೋದಳು.

ಸೆಪ್ಟೆಂಬರಿನ ಮೊದಲ ವಾರ ಶಿರಂಗಾಲದಿಂದ ಲಿಂಗಮ್ಮ ಎಂಬ ಹೆಂಗಸು ಸೊಸೆಯನ್ನು ಕರೆದುಕೊಂಡು ಬಂದಳು. ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಬೇಸಾಯದ ಮನೆ ಅವರದು. ಸೊಸೆ ಸಿದ್ದಮ್ಮನ ಮಡಿಲಲ್ಲಿ ಮೂರು ತಿಂಗಳ ಗಂಡುಮಗು. ಅವಳಿಗಿದ್ದ ಕಾಯಿಲೆ ಮೊಣಕೈಯಲ್ಲಿ ತುರಿಕೆ, ಅಷ್ಟೇ. ಎರಡು ಬಸ್ಸು ಬದಲಿಸಿ ಬಂದಿದ್ದರು, ಹೆಸರು ಅಷ್ಟು ದೂರ ಹೋಗಿತ್ತು.

ಆ ದಿನ ಗುಂಡು ಎಡಕ್ಕೇ ಸುತ್ತಿತು. ರಾಗಿ ಅಹಿತ. ಹಾಲು ಅಹಿತ. ಹುರುಳಿ, ಅವರೆ, ಎಳ್ಳು, ಬೆಲ್ಲ, ನುಗ್ಗೆಸೊಪ್ಪು, ಮೊಟ್ಟೆ ಎಲ್ಲ ಅಹಿತ. ಹಿತದ ಕಡೆ ಉಳಿದದ್ದು ಅಕ್ಕಿಗಂಜಿ, ಬೂದುಗುಂಬಳ, ಸೌತೆ.

“ರಾಗಿ ಬುಟ್ಟು ಹೆಂಗಿರಾದು ಸ್ವಾಮಿ?” ಲಿಂಗಮ್ಮ ಕೇಳಿದಳು. “ನಾವು ಹುಟ್ಟಿದಾಗ್ಲಿಂದ ಅದ್ನೇ ಉಂಡೋರು.”

“ಹುಟ್ಟಿದಾಗಿಂದ ವಿಷ ಉಂಡಿದ್ದೀರಿ. ಹಾಲಿನ ಮೂಲಕ ಮಗುವಿಗೂ ಹೋಗ್ತಾ ಉಂಟು.”

ಮಗುವಿನ ಮಾತು ಬಂದ ಮೇಲೆ ಸಿದ್ದಮ್ಮ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಏಳು ವಾರ ಬಿಟ್ಟು ಅವರು ಮತ್ತೆ ಬಂದರು. ಕೆಳಗೆ ಬಸ್ಸಿನಿಂದ ಇಳಿಯುವಾಗಲೇ ಕಮಲ ಅವರನ್ನು ಕಿಟಕಿಯಿಂದ ನೋಡಿದಳು. ಲಿಂಗಮ್ಮನ ಗುರುತು ಸಿಕ್ಕಿತು, ಪಕ್ಕದಲ್ಲಿದ್ದವಳದು ಸಿಗಲಿಲ್ಲ. ಸಿದ್ದಮ್ಮನ ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಬೂದಿಯ ಬಣ್ಣವಾಗಿತ್ತು. ಮೆಟ್ಟಿಲ ಮಧ್ಯೆ ಎರಡು ಸಲ ಕುಳಿತುಕೊಂಡಳು. ಮಗುವಿನ ತೊಡೆಯ ಚರ್ಮ ಮುದುಕನ ತೊಗಲಿನ ಹಾಗೆ ಮಡಿಕೆ ಬಿದ್ದಿತ್ತು. ಅದು ಅಳುತ್ತಿರಲಿಲ್ಲ, ಬೆಕ್ಕಿನ ಮರಿಯ ಹಾಗೆ ಸಣ್ಣ ಸದ್ದು ಮಾಡುತ್ತಿತ್ತು.

“ಎದೇಲಿ ಹಾಲೇ ಇಲ್ಲ ಕಣವ್ವಾ,” ಲಿಂಗಮ್ಮ ಕಮಲಳಿಗೆ ಹೇಳಿದಳು. “ನಾನು ಎಷ್ಟೇಳುದ್ರೂ ಒಂದ್ ತುತ್ತು ಮುದ್ದೆ ಮುಟ್ಟಾಕಿಲ್ಲ. ಡಾಕುಟ್ರು ಹೇಳವ್ರೆ ಅಂತಾಳೆ.”

ಬೆಳ್ಯಪ್ಪ ಸಿದ್ದಮ್ಮನ ರೆಪ್ಪೆ ಎಳೆದರು, ಚಮಚದಿಂದ ನಾಲಿಗೆ ಒತ್ತಿದರು. ಆಮೇಲೆ ಅದೇ ಚಮಚವನ್ನು ಟವೆಲಿಗೆ ಒರೆಸಿ ಮಗುವಿನ ಬಾಯಿಗೆ ಹಾಕಿದರು. ಮಗು ಅದನ್ನು ಚೀಪಿತು. ಹಸಿದ ಮಗು, ಏನು ಕೊಟ್ಟರೂ ಚೀಪುತ್ತಿತ್ತು.

“ಒಳ್ಳೇದೇ ಆಗ್ತಾ ಉಂಟು,” ಎಂದರು ಬೆಳ್ಯಪ್ಪ. “ಮೈ ಹಳೇ ವಿಷವನ್ನು ಹೊರಗೆ ಹಾಕುವಾಗ ಹೀಗೇ ಇಳೀತದೆ.” ಗುಂಡು ಇಳಿಬಿಟ್ಟರು. “ಅಕ್ಕೀನೂ ಈಗ ಎಡಕ್ಕೆ ಬಂತು. ಬರ್ಕೊ ಕಮಲ. ಅಕ್ಕಿ, ಅಹಿತ.”

ಕಮಲಳ ಕೈ ಬರೆಯಲಿಲ್ಲ.

“ಬರ್ಕೊ ಅಂದೆ.”

ಅವಳು ಎದ್ದು ಬಂದು ಪೆಟ್ಟಿಗೆಯಿಂದ ‘ರಾಗಿ’ ಎಂದು ತನ್ನದೇ ಅಕ್ಷರದಲ್ಲಿ ಬರೆದಿದ್ದ ಶೀಷೆಯನ್ನು ತೆಗೆದು, ಲೇಖನಿಯ ಮೊನೆಯಿಂದ ಮೇಣ ಕೆದಕಿ ಬಿರಡೆ ಕಿತ್ತಳು. ಆ ಕೋಣೆಯಲ್ಲಿ ಏಳೆಂಟು ಜನ ಸರದಿಗೆ ಕಾದಿದ್ದರು. ಎಲ್ಲರೂ ಒಟ್ಟಿಗೆ ಮೂಗು ಮುಚ್ಚಿಕೊಂಡರು. ಸತ್ತ ಇಲಿಯೂ ಅಷ್ಟು ನಾರುವುದಿಲ್ಲ. ಅವಳು ಶೀಷೆಯನ್ನು ಕಾಗದದ ಮೇಲೆ ಬಗ್ಗಿಸಿದಳು. ಕಪ್ಪು ಲೋಳೆಯೊಂದು ಜಾರಿಬಂತು, ಅದರೊಳಗೆ ಮೀಸೆ, ಕಾಲು, ಸಿಪ್ಪೆ.

ಲಿಂಗಮ್ಮ ಬಗ್ಗಿ ನೋಡಿದಳು. “ಇದು ರಾಗಿಯೇನವ್ವಾ? ಇದು ಸೀಗಡಿ. ಕೊಳೆತೋಗಿರೋ ಸೀಗಡಿ!”

“ಚೀಟಿ ಅಂಟಿಸಿದ್ದು ನಾನು,” ಎಂದಳು ಕಮಲ. “ಮಳೇಲಿ ಬಿದ್ದುಹೋಗಿತ್ತು. ಅಂದಾಜಿಗೆ ಅಂಟ್ಸಿದ್ದು. ಇವ್ರಿಗೆ ಹೇಳಿದ್ದೆ.”

ಬೆಳ್ಯಪ್ಪನವರ ಮುಖದಲ್ಲಿ ಗಾಬರಿ ಕಾಣಲಿಲ್ಲ. ಮಕ್ಕಳಿಗೆ ಪಾಠ ಹೇಳುವವರ ಹಾಗೆ ಹೇಳಿದರು: “ಒಳಗೆ ಏನುಂಟು ಎಂಬುದು ಮುಖ್ಯ ಅಲ್ಲ. ಹೆಸರಿನ ಸ್ಪಂದನ ಶೀಷೆಗೆ ಹತ್ತಿರ್ತದೆ.”

“ಹಾಗಾದ್ರೆ ಹೆಸ್ರು ನೋಡದೆ ಹೇಳಿ.” ಕಮಲ ಅವರಿಗೆ ಬೆನ್ನು ಹಾಕಿ ಐದು ಶೀಷೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ತಳದಲ್ಲಿ ತನಗೆ ಮಾತ್ರ ತಿಳಿಯುವ ಗುರುತು ಹಾಕಿದಳು. ಸರದಿಯಲ್ಲಿದ್ದ ಉತ್ತಯ್ಯ ಎಂಬ ಎಸ್ಟೇಟ್ ಯಜಮಾನರ ಕೈಗೆ ಒಂದೊಂದಾಗಿ ಕೊಟ್ಟಳು. ಬೆಳ್ಯಪ್ಪ ಹಿಂದೆಗೆಯಲಿಲ್ಲ. ಗುಂಡು ಸುತ್ತಿತು, ಅವಳು ಬರೆದುಕೊಂಡಳು. ಅವನ್ನೇ ಹಿಂದುಮುಂದು ಮಾಡಿ ಎರಡನೆಯ ಸಲ ಕೊಟ್ಟಳು. ಐದರಲ್ಲಿ ಮೂರು ಮೊದಲ ಸಲಕ್ಕೆ ಉಲ್ಟಾ ಬಂದವು.

“ನಿನ್ನ ಸಂಶಯ ಗುಂಡಿಗೆ ತಾಗಿದೆ,” ಎಂದರು ಬೆಳ್ಯಪ್ಪ. “ಹೊರಗೆ ಹೋಗು.”

ಉತ್ತಯ್ಯ ಮಾತ್ರ ತಲೆ ಅಲ್ಲಾಡಿಸಿದರು. “ನನ್ಗೆ ಮಂಡಿನೋವು ಕಮ್ಮಿ ಆಗಿದೆ ಕಮಲ. ಇಲ್ಲಿ ಗಲಾಟೆ ಯಾಕೆ? ಬೇಕಾದವ್ರು ಬರ್ತಾರೆ.” ಮತ್ತೊಬ್ಬರು ಕಿಟಕಿ ತೆರೆಯಲು ಎದ್ದರು. ಸರದಿಯಿಂದ ಯಾರೂ ಕದಲಲಿಲ್ಲ. ಕಾಗದದ ಮೇಲೆ ಆ ಲೋಳೆ, ಮೂಗಿನ ಮೇಲೆ ಕರವಸ್ತ್ರ, ಆದರೂ ತಮ್ಮ ನಾಲಿಗೆ ತೋರಿಸಲು ಕಾಯುತ್ತ ಕುಳಿತೇ ಇದ್ದರು. ಕಮಲಳಿಗೆ ಶೀಷೆಯ ವಾಸನೆಗಿಂತ ಅದೇ ಹೆಚ್ಚು ಅಸಹ್ಯವಾಗಿ ಕಂಡಿತು. ತನ್ನ ಕೈಯನ್ನು ನೋಡಿಕೊಂಡಳು. ಬೆರಳಿಗೆ ಕಾರ್ಬನ್ನಿನ ನೀಲಿ ಹತ್ತಿತ್ತು. ತಾನೇನೂ ಬೇರೆಯವಳಲ್ಲ ಎನ್ನಿಸಿತು.

ಕಪಾಟಿನಲ್ಲಿದ್ದ ನಕಲು ಪಟ್ಟಿಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮಗುವನ್ನು ಎತ್ತಿಕೊಂಡು, ಅತ್ತೆ ಸೊಸೆಯರನ್ನು ಮಡಿಕೇರಿಯ ಬಸ್ಸಿಗೆ ಹತ್ತಿಸಿದಳು.

ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರು ಮಗುವನ್ನು ತಕ್ಕಡಿಯಲ್ಲಿ ಇಟ್ಟು ತೂಗಿದರು. ಐದು ತಿಂಗಳ ಮಗುವಿಗೆ ಹುಟ್ಟಿದಾಗಿನದಕ್ಕಿಂತ ಸ್ವಲ್ಪವೇ ಹೆಚ್ಚು ತೂಕ. ಸಿದ್ದಮ್ಮನ ರಕ್ತ ನೋಡಿ, “ಇವಳಿಗೆ ಏನೂ ರೋಗ ಇಲ್ಲ. ಹಸಿವು. ಯಾರು ಇವಳನ್ನು ಉಪವಾಸ ಹಾಕಿದ್ದು?” ಎಂದು ಗದರಿದರು. ಲಿಂಗಮ್ಮ ಬಾಯಿ ತೆರೆಯುವ ಮೊದಲು ಕಮಲ, “ನಾನು ಬರ್ದು ಕೊಟ್ಟದ್ದು,” ಎಂದಳು.

ತುರಿಕೆಗೆ ಒಂದು ಮುಲಾಮು ಕೊಟ್ಟರು. ನಾಲ್ಕು ದಿನದಲ್ಲಿ ಹೋಯಿತು.

ಊಟ ಮಾತ್ರ ಅಷ್ಟು ಸುಲಭವಾಗಲಿಲ್ಲ. ಲಿಂಗಮ್ಮ ಆಸ್ಪತ್ರೆಯ ಹಿಂದೆ ಮೂರು ಕಲ್ಲಿಟ್ಟು ಒಲೆ ಹೂಡಿ, ಪೇಟೆಯಿಂದ ರಾಗಿಹಿಟ್ಟು ತರಿಸಿ ಮುದ್ದೆ ಕಟ್ಟಿದಳು, ಸೊಪ್ಪಿನ ಸಾರು ಮಾಡಿದಳು. ಸಿದ್ದಮ್ಮ ತಟ್ಟೆ ನೋಡುತ್ತಲೇ ಮುಖ ತಿರುಗಿಸಿದಳು. ಒತ್ತಾಯ ಮಾಡಿದಾಗ ಒಂದು ತುತ್ತು ಬಾಯಿಗಿಟ್ಟು, ಓಡಿಹೋಗಿ ಚರಂಡಿಯಲ್ಲಿ ವಾಂತಿ ಮಾಡಿದಳು.

“ಆಗಾಕಿಲ್ಲ ಅತ್ತೆವ್ವಾ. ಕಪ್ಪುಗೆ ಉಂಡೆ ನೋಡುದ್ರೆ ಆ ಶೀಷೇಲಿದ್ದುದ್ದೇ ಕಣ್ಮುಂದೆ ಬತ್ತದೆ.”

ಕಮಲ ಗೋಡೆಗೆ ಒರಗಿ ನಿಂತಳು. ಮೊದಲು ಪಟ್ಟಿ ಬರೆದು ರಾಗಿ ಬಿಡಿಸಿದವಳು ಅವಳು. ಈಗ ಶೀಷೆ ತೆರೆದು ತೋರಿಸಿ ಮತ್ತೆ ಬಿಡಿಸಿದವಳೂ ಅವಳೇ. ಆ ಹೆಣ್ಣು ಹುಟ್ಟಿದಾಗಿನಿಂದ ಉಂಡ ಅನ್ನದ ಮೇಲೆ ಅವಳಿಗೇ ಹೇಸಿಗೆ ಹುಟ್ಟಿಸಿಬಿಟ್ಟಿದ್ದಳು.

ಮುದ್ದೆ ಬೇಡವೆಂದರೆ ಬೇರೆ ರೂಪದಲ್ಲಿ ನೋಡೋಣವೆಂದು ಮಾರನೆಯ ದಿನ ಅವಳೇ ಹಿಟ್ಟಿಗೆ ಈರುಳ್ಳಿ, ತೆಂಗಿನಕಾಯಿ ಕಲಸಿ ರೊಟ್ಟಿ ತಟ್ಟಿದಳು. ಅಕ್ಕಿರೊಟ್ಟಿ ತಟ್ಟಿ ಅಭ್ಯಾಸವಾದ ಕೈ. ರಾಗಿ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸೀದು ಹೋಯಿತು.

“ಇದೇನವ್ವಾ ಎಕ್ಕಡದಂಗೆ ಮಾಡಿದ್ದೀಯಾ,” ಎಂದಳು ಲಿಂಗಮ್ಮ.

ಕಮಲ ಸಿದ್ದಮ್ಮನ ಎದುರು ಕುಳಿತು ಅದೇ ತಟ್ಟೆಯಿಂದ ಮೊದಲ ತುಂಡು ಮುರಿದು ತಾನು ತಿಂದಳು. ಎರಡನೆಯದನ್ನೂ ತಿಂದಳು. ಮೂರನೆಯ ತುಂಡನ್ನು ಸಿದ್ದಮ್ಮ ಕಣ್ಣು ಮುಚ್ಚಿಕೊಂಡು ಬಾಯಿಗಿಟ್ಟಳು, ಬಹಳ ಹೊತ್ತು ಅಗಿದಳು, ನುಂಗಿದಳು. ಆ ದಿನ ಅಷ್ಟೇ. ಮರುದಿನ ಅರ್ಧ ರೊಟ್ಟಿ. ಹನ್ನೆರಡು ದಿನ ಅವರು ಆಸ್ಪತ್ರೆಯಲ್ಲಿದ್ದರು. ಮಗುವಿಗೆ ಪುಡಿಹಾಲು ಕುಡಿಸಿದರು. ಎಂಟನೆಯ ದಿನ ಅದು ವಾರ್ಡೆಲ್ಲ ಕೇಳುವ ಹಾಗೆ ಚೀರಿ ಅತ್ತಿತು. ಲಿಂಗಮ್ಮ ಅಳುವ ಮಗುವನ್ನು ಎತ್ತಿಕೊಂಡು ಎಲ್ಲರಿಗೂ ತೋರಿಸುತ್ತ ಓಡಾಡಿದಳು. ಮಗು ಉಳಿಯಿತು. ಸಿದ್ದಮ್ಮನಿಗೆ ಎದೆಹಾಲು ಮಾತ್ರ ಮತ್ತೆ ಬರಲೇ ಇಲ್ಲ.

ಮನೆಗೆ ಬಂದ ರಾತ್ರಿ ಕಮಲಳಿಗೆ ತಟ್ಟೆಯ ಮುಂದೆ ಕೂರಲಾಗಲಿಲ್ಲ.

“ಎಂತ ಆತ್ ನಿಂಗೆ? ಉಂಬಕೆ ಬೊತ್ತಾ?” ಊಟ ಬೇಡವೇ ಎಂದು ತಾಯಿ ಮನೆಯ ಅರೆಭಾಷೆಯಲ್ಲಿ ಕೇಳಿದರು.

“ಬೊತ್ತು ಅವ್ವ. ನನ್ನ ಕೈ ನಂಗೇ ಹೇಸಿಗೆ ಆದೆ.”

ಮರುದಿನ ಬೆಳಿಗ್ಗೆ ಅವಳು ನಕಲು ಪಟ್ಟಿಗಳನ್ನು ಹರವಿಕೊಂಡು ಕುಳಿತಳು. ಚೀಟಿ ಅಂಟಿಸಿದ ದಿನದಿಂದ ಈಚೆಗೆ ನಲವತ್ತೊಂದು ಜನ. ಅಂಚೆ ಕಾರ್ಡು ತರಿಸಿ ಒಬ್ಬೊಬ್ಬರಿಗೂ ಬರೆದಳು: ಶೀಷೆಗಳಿಗೆ ಚೀಟಿ ಅಂಟಿಸಿದವಳು ನಾನು, ಅಂದಾಜಿನಿಂದ ಅಂಟಿಸಿದೆ, ಒಳಗಿದ್ದದ್ದು ಕೊಳೆತ ವಸ್ತು, ಪಟ್ಟಿ ಹರಿದುಹಾಕಿ ನಿಮ್ಮ ಮನೆಯ ಊಟ ಉಣ್ಣಿ, ತಪ್ಪಾಯಿತು. ನಾಲ್ಕು ದಿನ ಹಿಡಿಯಿತು.

ಆರು ಉತ್ತರ ಬಂದವು. ಎರಡರಲ್ಲಿ ಬೈಗುಳ. ಒಂದರಲ್ಲಿ, ಮಗಳಿಗೆ ಮೂರು ತಿಂಗಳಿಂದ ಹಾಲು ಕೊಟ್ಟಿರಲಿಲ್ಲ, ಈಗ ಕೊಟ್ಟಿದ್ದೇವೆ ಎಂದು ಯಾರೋ ತಾಯಿ ಬರೆಸಿದ್ದಳು. ಮಾಕುಟ್ಟದ ಚೆಕ್‌ಪೋಸ್ಟಿನ ಗಾರ್ಡ್ ಒಬ್ಬ, ನನಗೆ ಗುಣವಾಗಿದೆ, ನೀವು ದೊಡ್ಡವರ ಹೆಸರು ಕೆಡಿಸಬೇಡಿ ಎಂದು ಬುದ್ಧಿ ಹೇಳಿದ್ದ. ಉಳಿದವರು ಪಟ್ಟಿ ಹರಿದರೋ ಇಟ್ಟುಕೊಂಡರೋ ತಿಳಿಯಲಿಲ್ಲ.

ನಿಲಯ ಮುಚ್ಚಲಿಲ್ಲ. ಹೊಸ ಪೆಟ್ಟಿಗೆ ಬಂತು, ಬರೆಯಲು ಬೇರೊಬ್ಬಳು ಬಂದಳು. ಕಮಲ ಕಾಫಿ ಕೊಯ್ಲಿನ ಹೊತ್ತಿಗೆ ಒಂದು ಎಸ್ಟೇಟಿನಲ್ಲಿ ಹಾಜರಿ ಬರೆಯುವ ಕೆಲಸ ಹಿಡಿದಳು. ಕೂಲಿ ಲೈನಿನ ಮನೆಗಳ ಹೆಂಗಸರು ಮಧ್ಯಾಹ್ನ ಏನು ಉಂಡರು ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು. ಉಂಡಿಲ್ಲ ಎಂದರೆ ಮೇಸ್ತ್ರಿಯೊಡನೆ ಜಗಳಕ್ಕೆ ನಿಲ್ಲುತ್ತಿದ್ದಳು.

ಜನವರಿಯ ಒಂದು ಸಂತೆಯ ದಿನ ಬೆಳ್ಯಪ್ಪ ಎದುರಿಗೇ ಸಿಕ್ಕಿದರು. ಕೋಪವೇನೂ ಇರಲಿಲ್ಲ, ನಕ್ಕರು. ತಾಯಿಯ ಆರೋಗ್ಯ ಕೇಳಿದರು.

“ನಿನ್ನ ಮುಖ ಬಿಳಿಚಿದೆ ಕಮಲ. ಒಮ್ಮೆ ಬಾ, ನೋಡ್ತೇನೆ,” ಎನ್ನುತ್ತ, ಅವಳು ಹಿಂದೆ ಸರಿಯುವ ಮೊದಲೇ ಹೆಬ್ಬೆರಳು ಚಾಚಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದರು.

ಕಮಲ ಅವರ ಕೈಯನ್ನು ತಳ್ಳಿದಳು. ಹಿಡಿದಿದ್ದ ತರಕಾರಿಯ ಚೀಲ ಅಲ್ಲೇ ಇಟ್ಟು, ಜನರ ನಡುವೆ ನುಗ್ಗಿಕೊಂಡು ಬೀದಿಯ ಕೊನೆಯ ನಲ್ಲಿಯವರೆಗೆ ಹೋದಳು. ಬಗ್ಗಿ ಮುಖಕ್ಕೆ ನೀರು ಹೊಡೆದುಕೊಂಡಳು. ಒಮ್ಮೆ ತೊಳೆದು ಸಾಲಲಿಲ್ಲ. ಹಿಂದೆ ಕೊಡ ಹಿಡಿದು ನಿಂತಿದ್ದ ಹೆಂಗಸು, “ಕಣ್ಣಿಗೆ ಏನಾದ್ರೂ ಬಿತ್ತಾ?” ಎಂದು ಕೇಳುವವರೆಗೂ ತೊಳೆಯುತ್ತಲೇ ಇದ್ದಳು.